ಹತ್ತು ಮೀಟರ್ ದೂರದ ಗುರಿ

ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಯಿರಲಿ, ಶಿರಾ ಕಡೆಯ ಉರುಸಿರಲಿ, ನಾವು ಚಿಕ್ಕವರಿದ್ದಾಗ ಮೊದಲು ಹುಡುಕುತ್ತಿದ್ದುದು ಬಲೂನು ಹೊಡೆಯುವ ಅಂಗಡಿಯನ್ನು. ಹಲಗೆಯ ತುಂಬ ಬಣ್ಣದ ಬಲೂನು, ಮುಂದೆ ಒಂದು ಹಳೆಯ ಏರ್‌ಗನ್ನು. ದುಡ್ಡು ಕೊಟ್ಟು ಹೊಡೆಯುವವರು ಹುಡುಗರು, ನಿಂತು ನೋಡುವವರು ಹುಡುಗಿಯರು. ಒಂದು ವರ್ಷ ನಮ್ಮ ಆಪಾ ಹಟ ಹಿಡಿದು ಗನ್ನು ಕೈಗೆ ತೆಗೆದುಕೊಂಡಳು. ಐದು ಗುಂಡಿಗೆ ನಾಲ್ಕು ಬಲೂನು ಒಡೆದವು. ಸುದ್ದಿ ನಮಗಿಂತ ಮೊದಲೇ ಮನೆ ಮುಟ್ಟಿತ್ತು. ನಾನಿ ಬಾಗಿಲಲ್ಲೇ ನಿಂತು, "ಲಡ್ಕ್ಯಾಂಕು ಬಂದೂಕ್ ಕಾಯ್ಕು?" ಎಂದರು. ಹೆಣ್ಣುಮಕ್ಕಳಿಗೆ ಬಂದೂಕು ಯಾಕೆ ಎಂಬ ಆ ಪ್ರಶ್ನೆಗೆ ಅಂದು ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಆಪಾ ಮತ್ತೆ ಆ ಅಂಗಡಿಯ ಕಡೆ ಹೋಗಲಿಲ್ಲ.

ನಾನಿಯ ಪ್ರಶ್ನೆ ಅವರೊಬ್ಬರದೇ ಅಲ್ಲ, ನಮ್ಮ ಸೀಮೆಯ ಚರಿತ್ರೆಯದೂ ಹೌದು. ಬಿಜಾಪುರ ಬಿದ್ದ ಮೇಲೆ 1687ರಲ್ಲಿ ಮೊಘಲರು ಶಿರಾವನ್ನು ಸುಬಾದ ಕೇಂದ್ರ ಮಾಡಿಕೊಂಡರು. 1761ರ ಹೊತ್ತಿಗೆ ಅದು ಹೈದರಾಲಿಯ ಕೈಸೇರಿತು. ಸುತ್ತಲಿನ ಮಧುಗಿರಿ, ಪಾವಗಡ, ಕೊರಟಗೆರೆ ಕಡೆಯ ಚನ್ನರಾಯನದುರ್ಗ, ಎಲ್ಲವೂ ಕೋಟೆಗಳ ನೆಲ. ಈ ಕೋಟೆಗಳ ಕಥೆಯಲ್ಲಿ ಹೆಣ್ಣು ಎಲ್ಲಿದ್ದಾಳೆ? 1763ರಲ್ಲಿ ಬಿದನೂರನ್ನು ಗೆದ್ದ ಹೈದರ್, ಕೆಳದಿಯ ರಾಣಿ ವೀರಮ್ಮಾಜಿಯನ್ನು ತಂದು ಸೆರೆಯಿಟ್ಟದ್ದು ಮಧುಗಿರಿಯ ಕೋಟೆಯಲ್ಲಿ. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಬಂದು ಬಿಡಿಸಿತು. ಪುಣೆಗೆ ಹೋಗುವ ದಾರಿಯಲ್ಲೇ ಆಕೆ ತೀರಿಕೊಂಡರು. ಶಿರಾದಿಂದ ಅಷ್ಟೇನೂ ದೂರವಿಲ್ಲದ ಚಿತ್ರದುರ್ಗದಲ್ಲಿ ಓಬವ್ವ ಹೈದರನ ಸೈನಿಕರನ್ನು ಎದುರಿಸಿದಳು. ಅವಳ ಕೈಗೆ ಸಿಕ್ಕಿದ್ದು ಒನಕೆ. ಕೋಟೆಯ ಮದ್ದುಗುಂಡಿನ ಕೋಣೆ ಗಂಡಸರದು, ಅಡುಗೆಮನೆಯ ಒನಕೆ ಅವಳದು. ಬಿಜಾಪುರದ ಸೊಸೆ ಚಾಂದ್ ಬೀಬಿ 1595-96ರಲ್ಲಿ ಅಹಮದ್‌ನಗರದ ಕೋಟೆಯನ್ನು ಮೊಘಲರಿಂದ ಕಾಪಾಡಿದಂಥ ಉದಾಹರಣೆಗಳಿವೆ, ನಿಜ. ಆದರೆ ಅವು ಅರಮನೆಯ ಹೆಣ್ಣುಗಳ ಕಥೆ. ಸಾಮಾನ್ಯರ ಮನೆಯ ಹೆಣ್ಣಿಗೆ ಆಯುಧವೆಂದರೆ ಆಪತ್ತಿನಲ್ಲಿ ಕೈಗೆ ಸಿಕ್ಕಿದ್ದು ಮಾತ್ರ.

ಯುದ್ಧದ ಬಂದೂಕು ಆಟದ ಬಂದೂಕಾದ ಮೇಲೂ ಈ ಲೆಕ್ಕ ಬೇಗ ಬದಲಾಗಲಿಲ್ಲ. 1896ರ ಮೊದಲ ಆಧುನಿಕ ಒಲಿಂಪಿಕ್ಸಿನಲ್ಲೇ ಶೂಟಿಂಗ್ ಇತ್ತು. ಹೆಂಗಸರಿಗೆ ಅಲ್ಲಿ ಜಾಗ ಸಿಕ್ಕಿದ್ದು 1968ರಲ್ಲಿ, ಅದೂ ಗಂಡಸರ ಜೊತೆಗೆ ಸ್ಪರ್ಧಿಸುವುದಾದರೆ. ಅವರಿಗೆಂದೇ ಪ್ರತ್ಯೇಕ ಸ್ಪರ್ಧೆಗಳು ಬಂದದ್ದು 1984ರ ಲಾಸ್ ಏಂಜಲೀಸ್‌ನಲ್ಲಿ. ಅಲ್ಲಿ 25 ಮೀಟರ್ ಪಿಸ್ತೂಲಿನ ಚಿನ್ನ ಕೆನಡಾದ ಲಿಂಡಾ ಥಾಮ್ ಪಾಲಾಯಿತು. 10 ಮೀಟರ್ ಏರ್ ಪಿಸ್ತೂಲ್ ಸೇರಿದ್ದು 1988ರ ಸೋಲ್‌ನಲ್ಲಿ. ಆಗಲೂ ಗಂಡಸರಿಗೆ 60 ಗುಂಡು, ಹೆಂಗಸರಿಗೆ 40. ಇಬ್ಬರಿಗೂ 60 ಎಂದು ಸಮ ಮಾಡಲು 2018 ಬರಬೇಕಾಯಿತು.

ಈ ಆಟದಲ್ಲಿ ತೋಳ್ಬಲಕ್ಕೆ ಹೆಚ್ಚು ಬೆಲೆಯಿಲ್ಲ. ಪಿಸ್ತೂಲು ಒಂದೂವರೆ ಕಿಲೋ ಮೀರುವಂತಿಲ್ಲ. ಹಿಡಿಯಬೇಕಾದದ್ದು ಒಂದೇ ಕೈಯಲ್ಲಿ. ಹತ್ತು ಮೀಟರ್ ಆಚೆ, ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರ್, ಅಂದರೆ ಅಂಗಿಯ ಗುಂಡಿಯಷ್ಟು. 75 ನಿಮಿಷದೊಳಗೆ 60 ಗುಂಡು. ಉಸಿರು ಹಿಡಿಯಬೇಕು, ಕೈ ನಡುಗಬಾರದು, ಹಿಂದಿನ ಗುಂಡು ತಪ್ಪಿದ್ದನ್ನು ಮರೆಯಬೇಕು. ತಾಳ್ಮೆಯನ್ನು ಹೆಣ್ಣಿನ ಗುಣವೆಂದು ಹೊಗಳುತ್ತಲೇ ಬಂದವರು ನಾವು. ಆ ತಾಳ್ಮೆಗೇ ಪದಕ ಸಿಗುವ ಆಟ ಇದು.

ಕರ್ನಾಟಕದ ಹೆಣ್ಣುಮಗಳೊಬ್ಬಳು ಅದನ್ನು ತೋರಿಸಿಯೂ ಆಗಿದೆ. 2022ರ ಏಷ್ಯನ್ ಕ್ರೀಡಾಕೂಟ ಒಂದು ವರ್ಷ ತಡವಾಗಿ 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆಯಿತು. ಸೆಪ್ಟೆಂಬರ್ 29ರಂದು ಮಹಿಳೆಯರ 10 ಮೀಟರ್ ಏರ್ ಪಿಸ್ತೂಲ್ ತಂಡ ವಿಭಾಗದಲ್ಲಿ ಇಶಾ ಸಿಂಗ್ 579, ಪಲಕ್ 577, ನಮ್ಮ ದಿವ್ಯಾ ಟಿ.ಎಸ್. 575 ಅಂಕ ಗಳಿಸಿದರು. ಒಟ್ಟು 1731, ಬೆಳ್ಳಿ. ಚಿನ್ನ ಗೆದ್ದ ಚೀನಾಕ್ಕೆ ಸಿಕ್ಕಿದ್ದು ಐದೇ ಅಂಕ ಹೆಚ್ಚು. ಮರುದಿನ ಮಿಶ್ರ ತಂಡದ ಫೈನಲ್ಲಿನಲ್ಲಿ ದಿವ್ಯಾ ಮತ್ತು ಸರಬ್ಜೋತ್ ಸಿಂಗ್ ಜೋಡಿ ಚೀನಾದ ಎದುರು 14-16ರಲ್ಲಿ ಸೋತು ಇನ್ನೊಂದು ಬೆಳ್ಳಿ ತಂದಿತು. ಅದೇ ವರ್ಷದ ಮೇ ತಿಂಗಳಲ್ಲಿ ಬಾಕು ವಿಶ್ವಕಪ್ಪಿನಲ್ಲಿ ಇದೇ ಜೋಡಿ ಚಿನ್ನ ಗೆದ್ದಿತ್ತು.

ಆ 29ರ ವೈಯಕ್ತಿಕ ಸ್ಪರ್ಧೆಯ ಪದಕ ವೇದಿಕೆಯನ್ನೂ ನಾವು ನೆನೆಯಬೇಕು. ಪಲಕ್‌ಗೆ ಚಿನ್ನ, ಇಶಾಗೆ ಬೆಳ್ಳಿ, ಪಾಕಿಸ್ತಾನದ ಕಿಶ್ಮಲಾ ತಲತ್‌ಗೆ ಕಂಚು. ಎರಡು ದೇಶಗಳ ಬಂದೂಕುಗಳ ಬಗ್ಗೆ ನಾವು ಓದುವ ಸುದ್ದಿಯೇ ಬೇರೆ. ಅಂದು ಆ ದೇಶಗಳ ಮೂವರು ಹೆಣ್ಣುಮಕ್ಕಳು ಒಂದೇ ಗುರಿಗೆ ಹೊಡೆದು, ಒಂದೇ ವೇದಿಕೆಯ ಮೇಲೆ ನಿಂತಿದ್ದರು.

"ನಮ್ಮ ಮನೆತನದವರಿಗೆ ಇದೆಲ್ಲ ಒಗ್ಗುವುದಿಲ್ಲ" ಎನ್ನುವವರು ನಮ್ಮ ಮೊಹಲ್ಲಾಗಳಲ್ಲಿ ಇಂದಿಗೂ ಇದ್ದಾರೆ. ಅವರಿಗೆ ಅನೀಸಾ ಸಯ್ಯದ್ ಹೆಸರು ಹೇಳಬೇಕು. ಮಹಾರಾಷ್ಟ್ರದ ಈ ಹೆಣ್ಣುಮಗಳು ರೈಲ್ವೆಯಲ್ಲಿ ಟಿಕೆಟ್ ಕಲೆಕ್ಟರ್ ಆಗಿದ್ದವರು. 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ 25 ಮೀಟರ್ ಪಿಸ್ತೂಲಿನಲ್ಲಿ ಚಿನ್ನ ಗೆದ್ದರು, ರಾಹಿ ಸರ್ನೋಬತ್ ಜೊತೆ ಜೋಡಿ ವಿಭಾಗದಲ್ಲಿ ಇನ್ನೊಂದು ಚಿನ್ನ. 2014ರಲ್ಲಿ ಗ್ಲಾಸ್ಗೋದಲ್ಲಿ ಬೆಳ್ಳಿ, ಇಂಚಿಯಾನ್ ಏಷ್ಯಾಡ್‌ನಲ್ಲಿ ತಂಡದ ಕಂಚು. ತಲೆವಸ್ತ್ರದ ಮಾತೆತ್ತುವವರಿಗೆ ಇರಾನಿನ ಲಿದಾ ಫರೀಮಾನ್ ಇದ್ದಾರೆ. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ತಲೆವಸ್ತ್ರ ಧರಿಸಿಯೇ ತಮ್ಮ ದೇಶದ ಬಾವುಟ ಹಿಡಿದು ನಡೆದ ಆಕೆ ರೈಫಲ್ ಶೂಟರ್. ಬಟ್ಟೆ ಯಾವುದೆಂದು ಗುರಿ ಕೇಳುವುದಿಲ್ಲ. ಕೇಳುವವರು ನಾವೇ, ಮನೆಯೊಳಗಿನವರು ಮತ್ತು ಹೊರಗಿನವರು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ನಮ್ಮ ಶಾಲೆಗಳ ಹೆಣ್ಣುಮಕ್ಕಳು ಹೋಬಳಿ ಮಟ್ಟದ ಆಟಗಳಲ್ಲಿ ಖೋ ಖೋ, ಥ್ರೋಬಾಲ್ ಆಡುತ್ತಾರೆ. ಎಂಟನೆಯ ತರಗತಿ ದಾಟಿದ ಮೇಲೆ ಒಬ್ಬೊಬ್ಬರೇ ಮೈದಾನ ಬಿಡುವುದನ್ನು ನಾವು ನೋಡಿದ್ದೇವೆ. ದೊಡ್ಡವಳಾದಳು, ನಾಲ್ಕು ಜನ ನೋಡುತ್ತಾರೆ ಎಂಬುದೇ ಕಾರಣ. ಏರ್ ಪಿಸ್ತೂಲಿಗೆ ಬಯಲು ಬೇಡ, ಹತ್ತು ಮೀಟರ್ ಮೀರಿದ ಒಂದು ಕೋಣೆ, ಗಟ್ಟಿ ಗೋಡೆ, ಎಚ್ಚರ ಕಲಿಸುವ ಒಬ್ಬ ತರಬೇತುದಾರ ಬೇಕು. 2016ರ ಆಯುಧ ನಿಯಮಗಳ ಪ್ರಕಾರ 20 ಜೌಲ್ ಮೀರದ, 4.5 ಮಿಲಿಮೀಟರ್ ಏರ್ ಪಿಸ್ತೂಲಿಗೆ ಪರವಾನಗಿಯೂ ಬೇಡ. ಕಷ್ಟವಿರುವುದು ದುಡ್ಡಿನಲ್ಲಿ. ಸ್ಪರ್ಧೆಗೆ ಬಳಸುವ ವಿದೇಶಿ ಪಿಸ್ತೂಲಿನ ಬೆಲೆ ಲಕ್ಷ ರೂಪಾಯಿ ಮೀರುತ್ತದೆ. ಕಡಲೆಕಾಯಿ ಬೆಳೆಯುವ, ಬೀಡಿ ಕಟ್ಟುವ ಮನೆಯ ಹುಡುಗಿಗೆ ಅದು ಆಗದ ಮಾತು. ಹಾಗಾಗಿ ಇದು ಒಂದು ಮನೆ ಮಾಡುವ ಕೆಲಸವಲ್ಲ, ಊರು ಸೇರಿ ಮಾಡುವ ಕೆಲಸ. ಮಸೀದಿ ಕಮಿಟಿಗಳು, ಜಾತ್ರಾ ಸಮಿತಿಗಳು, ಶಾಲೆಯ ಹಳೆಯ ವಿದ್ಯಾರ್ಥಿಗಳು ಕೂಡಿ ತಾಲ್ಲೂಕಿಗೆ ಎರಡು ಪಿಸ್ತೂಲು ಕೊಳ್ಳುವುದು ಅಸಾಧ್ಯವೇ? ಒಂದು ಶಾಮಿಯಾನಕ್ಕೆ, ಒಂದು ರಾತ್ರಿಯ ದೀಪಾಲಂಕಾರಕ್ಕೆ ನಾವು ಎಷ್ಟು ಸುರಿಯುತ್ತೇವೆಂದು ನಮಗೇ ಗೊತ್ತು.

ನಾನಿ ಈಗ ಇಲ್ಲ. ಆಪಾಳ ಮಗಳು ಹೈಸ್ಕೂಲಿನಲ್ಲಿದ್ದಾಳೆ. ಕಳೆದ ಸಲ ಜಾತ್ರೆಯಲ್ಲಿ ಆ ಹುಡುಗಿ ಬಲೂನು ಅಂಗಡಿಯ ಮುಂದೆ ನಿಂತು ತಾಯಿಯ ಮುಖ ನೋಡಿದಳು. ಆಪಾ ಏನೂ ಹೇಳದೆ ಪರ್ಸು ತೆರೆದು ದುಡ್ಡು ಕೊಟ್ಟಳು. ಅಷ್ಟು ಬದಲಾಗಲು ನಮ್ಮ ಮನೆಗೆ ಒಂದು ತಲೆಮಾರು ಬೇಕಾಯಿತು. ಜಾತ್ರೆಯ ಅಂಗಡಿಯಿಂದ ಶಾಲೆಯ ಕೋಣೆಗೆ ಬರಲು ಇನ್ನೊಂದು ತಲೆಮಾರು ಕಾಯಿಸಬೇಕೇ ಎಂಬುದನ್ನು ನಾಲ್ಕೂ ತಾಲ್ಲೂಕಿನ ನಾವು ಯೋಚಿಸಬೇಕು.