ಕುಟುಂಬದ ವಿರೋಧವಿದ್ದ ಪ್ರೇಮವಿವಾಹಗಳ ವ್ಯಾಜ್ಯಗಳು: ಭಾರತದಲ್ಲಿನ ಇತಿಹಾಸ

ವಯಸ್ಕರಿಬ್ಬರು ತಾವಾಗಿ ಮಾಡಿಕೊಂಡ ಮದುವೆಯನ್ನು ತಮ್ಮ ಒಪ್ಪಿಗೆಯಿಲ್ಲವೆಂಬ ಒಂದೇ ಕಾರಣಕ್ಕೆ ರದ್ದುಪಡಿಸುವ ಹಕ್ಕನ್ನು ಭಾರತದ ಈಗಿನ ವಿವಾಹ ಕಾಯ್ದೆಗಳು ಹೆತ್ತವರಿಗೆ ಕೊಟ್ಟಿಲ್ಲ. ಹೀಗಾಗಿ ಇಂಥ ವ್ಯಾಜ್ಯಗಳು ಕೋರ್ಟಿನ ಮೆಟ್ಟಿಲೇರಿದ್ದು ಬೇರೆ ಹೆಸರುಗಳಲ್ಲಿ: ಕಾಣೆಯಾದವರ ದೂರು, ಅಪಹರಣದ ಮೊಕದ್ದಮೆ, ಅಕ್ರಮ ಬಂಧನದಲ್ಲಿದ್ದಾರೆನ್ನಲಾದವರನ್ನು ಹಾಜರುಪಡಿಸಲು ಕೋರುವ ಹೇಬಿಯಸ್ ಕಾರ್ಪಸ್ ಅರ್ಜಿ. ಈ ಇತಿಹಾಸವನ್ನು ಅಂತರ್ಜಾತಿ ದಂಪತಿಗಳ ಪರವಾಗಿ ಸುಪ್ರೀಂ ಕೋರ್ಟ್ ಕೊಟ್ಟ 2006ರ ತೀರ್ಪಿನಿಂದ ಹೇಳತೊಡಗುವವರು ಅದರ ಮೊದಲ ಭಾಗವನ್ನೇ ಕೈಬಿಡುತ್ತಾರೆ.

ಶಾಸನಗಳ ಹಾದಿ ಪರಿಚಿತವಾದುದು. 1872ರ ಕಾಯ್ದೆಯು ರೂಢಿಯ ಧರ್ಮಗಳನ್ನು ನಿರಾಕರಿಸಿ ಘೋಷಿಸಿದವರಿಗೆ ಮಾತ್ರ ಮದುವೆಗೆ ಅವಕಾಶವಿತ್ತಿತು. 1949ರ ಕಾಯ್ದೆಯು ಹಿಂದೂಗಳ ಅಂತರ್ಜಾತಿ ವಿವಾಹಗಳನ್ನು ಸಿಂಧುಗೊಳಿಸಿತು. 1954ರ ವಿಶೇಷ ವಿವಾಹ ಕಾಯ್ದೆಯು ಧರ್ಮ ತೊರೆಯದೆ ಮದುವೆಯಾಗಲು ಅನುವು ಮಾಡಿತಾದರೂ 30 ದಿನಗಳ ಮುಂಚಿತ ನೋಟಿಸನ್ನು ಕಡ್ಡಾಯವಾಗಿಸಿತು.

1960ರಲ್ಲಿ ಮದರಾಸಿನಲ್ಲಿ, ಪ್ರೇಮದ ಸುದ್ದಿ ತಿಳಿದ ಮನೆಯವರು ಕೋಡಂಬಾಕ್ಕಂನ ನೆಂಟರ ಮನೆಯಲ್ಲಿ ಬಿಟ್ಟಿದ್ದ, 18 ತುಂಬಲು ಸ್ವಲ್ಪವೇ ಬಾಕಿಯಿದ್ದ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಮರುದಿನ ತಾನೇ ಹೊರಬಂದು, ಪ್ರಿಯಕರನಿಗೆ ಫೋನ್ ಮಾಡಿ ಕರೆಸಿಕೊಂಡು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ವಿವಾಹದ ಕರಾರನ್ನು ನೋಂದಾಯಿಸಿದಳು. ತಂದೆಯ ದೂರಿನ ಮೇಲೆ ಯುವಕನಿಗೆ ಅಪಹರಣದ ಶಿಕ್ಷೆಯಾಯಿತು. ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. 1964ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅವನನ್ನು ಬಿಡುಗಡೆ ಮಾಡುತ್ತ, ತಿಳಿವಳಿಕೆಯುಳ್ಳ ಹುಡುಗಿ ತಾನಾಗಿ ಬಂದಾಗ ಜೊತೆಗೆ ಹೋಗುವುದಕ್ಕೂ ಪಾಲಕರ ವಶದಿಂದ ಆಕೆಯನ್ನು ಒಯ್ಯುವುದಕ್ಕೂ ವ್ಯತ್ಯಾಸವಿದೆಯೆಂದು ಹೇಳಿತು. ಹುಡುಗಿಯ ಸ್ವಂತ ನಿರ್ಧಾರಕ್ಕೆ ಅಪಹರಣದ ಕಾನೂನಿನೊಳಗೇ ಬೆಲೆ ದೊರೆತದ್ದರಿಂದ ಈ ತೀರ್ಪನ್ನು ಮೊದಲ ತಿರುವೆಂದು ಎಣಿಸುವುದು ಸರಿ.

2006ರ ಪ್ರಕರಣದಲ್ಲಿ ಉತ್ತರ ಪ್ರದೇಶದ ಮಹಿಳೆಯೊಬ್ಬಳ ಅಂತರ್ಜಾತಿ ವಿವಾಹಕ್ಕಾಗಿ ಗಂಡನ ಬಂಧುಗಳೇ ಜೈಲು ಸೇರಿದ್ದರು. ಮೊಕದ್ದಮೆಯನ್ನು ರದ್ದುಪಡಿಸಿದ ಸುಪ್ರೀಂ ಕೋರ್ಟ್, ಇಂಥ ದಂಪತಿಗಳಿಗೆ ಕಿರುಕುಳವಾಗದಂತೆ ನೋಡಿಕೊಳ್ಳಬೇಕೆಂದು ದೇಶದ ಪೊಲೀಸರಿಗೆ ಸೂಚಿಸಿತು. ಶಕ್ತಿವಾಹಿನಿ ಎಂಬ ಸಂಸ್ಥೆಯ ಅರ್ಜಿಯ ಮೇಲಿನ 2018ರ ಮಾರ್ಚ್ 27ರ ತೀರ್ಪು ಖಾಪ್ ಪಂಚಾಯಿತಿಗಳ, ಅಂದರೆ ಗೋತ್ರ ಅಥವಾ ಕುಲದ ಆಧಾರದ ಸಭೆಗಳ, ಹಸ್ತಕ್ಷೇಪವನ್ನು ಕಾನೂನುಬಾಹಿರವೆಂದು ಸಾರಿ, ಸುರಕ್ಷಿತ ವಸತಿ ಹಾಗೂ ವಿಶೇಷ ಘಟಕಗಳ ಸ್ಥಾಪನೆಗೆ ಆದೇಶಿಸಿತು. ಹೆಚ್ಚು ಉಲ್ಲೇಖಗೊಳ್ಳುವುದು ಇದೇ. ಆದರೆ ಕಾನೂನಿನ ದೃಷ್ಟಿಯಿಂದ ಅದೇ ತಿಂಗಳ 8ರ ಆದೇಶ ಇನ್ನೂ ಆಳವಾದುದು. ಕೇರಳದ ತಂದೆಯೊಬ್ಬರ ಹೇಬಿಯಸ್ ಕಾರ್ಪಸ್ ಅರ್ಜಿಯ ಮೇಲೆ ಅಲ್ಲಿನ ಹೈಕೋರ್ಟ್ 2017ರಲ್ಲಿ ವಯಸ್ಕ ಮಗಳ ಮದುವೆಯನ್ನೇ ಅಸಿಂಧುಗೊಳಿಸಿತ್ತು. ಆ ಬಗೆಯ ಅರ್ಜಿಯಲ್ಲಿ ಹಾಗೆ ಮಾಡಲಾಗದೆಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು.

ಕರ್ನಾಟಕದ ಪ್ರಕರಣವೊಂದು ಪೊಲೀಸ್ ಠಾಣೆಯ ಒಳಗಿನ ವಹಿವಾಟನ್ನು ದಾಖಲೆಗೆ ತಂದಿತು. 2020ರಲ್ಲಿ ಬೆಳಗಾವಿ ಜಿಲ್ಲೆಯ ಉಪನ್ಯಾಸಕಿಯೊಬ್ಬರು ದೆಹಲಿಯಲ್ಲಿ ಮದುವೆಯಾಗಿ, ವಿವಾಹ ಪ್ರಮಾಣಪತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಹೆತ್ತವರಿಗೆ ಕಳುಹಿಸಿದರು. ಮದುವೆಯ ವಿಷಯ ಗೊತ್ತಾದ ಮೇಲೂ ತನಿಖಾಧಿಕಾರಿಯು ಕಾಣೆಯಾದ ದೂರನ್ನು ಮುಗಿಸಲು ಆಕೆ ಠಾಣೆಗೇ ಬಂದು ಹೇಳಿಕೆ ಕೊಡಬೇಕೆಂದು ಪಟ್ಟುಹಿಡಿದರು. 2021ರ ಫೆಬ್ರವರಿ 8ರಂದು ಎಫ್‌ಐಆರ್ ರದ್ದುಪಡಿಸಿದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಸಂಜಯ್ ಕಿಶನ್ ಕೌಲ್ ಮತ್ತು ಹೃಷಿಕೇಶ್ ರಾಯ್, ಇಂಥ ಸೂಕ್ಷ್ಮ ಪ್ರಕರಣಗಳ ನಿರ್ವಹಣೆಗೆ ಎಂಟು ವಾರಗಳೊಳಗೆ ಮಾರ್ಗಸೂಚಿ ಮತ್ತು ತರಬೇತಿ ಕಾರ್ಯಕ್ರಮ ರೂಪಿಸುವಂತೆ ಪೊಲೀಸರಿಗೆ ಹೇಳಿದರು.

ಮದುವೆಗೆ ಮುಂಚೆಯೇ ಮನೆಯವರಿಗೆ ಸುಳಿವು ಕೊಡಬಲ್ಲ, ವಿಶೇಷ ವಿವಾಹ ಕಾಯ್ದೆಯ ನೋಟಿಸಿನ ಪ್ರಶ್ನೆ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. 2021ರ ಜನವರಿಯಲ್ಲಿ ಅಲಹಾಬಾದ್ ಹೈಕೋರ್ಟ್ ಅದರ ಪ್ರಕಟಣೆಯನ್ನು ವಧೂವರರ ಇಚ್ಛೆಗೆ ಬಿಟ್ಟಿತು. 1954ರ ಕಾಯ್ದೆಯಲ್ಲಿ ಆ 30 ದಿನಗಳ ನಿಯಮ ಹಾಗೆಯೇ ಇದೆ.