ವರ್ಷದ ಮೊದಲ ಹಾಡು: ಎಣಿಕೆಯ ಎಂಬತ್ತು ವರ್ಷ

1965ರ ಅತಿ ಜನಪ್ರಿಯ ಹಾಡು ಯಾವುದು ಎಂದು ಕೇಳಿದರೆ ಪಾಶ್ಚಾತ್ಯ ಸಂಗೀತ ಬಲ್ಲವರು ಬೀಟಲ್ಸ್‌ನ ‘ಯೆಸ್ಟರ್‌ಡೇ’ ಎಂದೋ ರೋಲಿಂಗ್ ಸ್ಟೋನ್ಸ್‌ನ ‘ಸ್ಯಾಟಿಸ್‌ಫ್ಯಾಕ್ಷನ್’ ಎಂದೋ ಹೇಳಿಯಾರು. ಅಮೆರಿಕದ ‘ಬಿಲ್‌ಬೋರ್ಡ್’ ಪತ್ರಿಕೆಯ ವಾರದ ಪಟ್ಟಿಯಲ್ಲಿ ಆ ವರ್ಷ ಎರಡೂ ತಲಾ ನಾಲ್ಕು ವಾರ ಒಂದನೇ ಸ್ಥಾನದಲ್ಲಿದ್ದವು. ಆದರೆ ಅದೇ ಪತ್ರಿಕೆಯ ವರ್ಷದ ಪಟ್ಟಿಯಲ್ಲಿ ಮೊದಲು ಬಂದದ್ದು ಸ್ಯಾಮ್ ದಿ ಶಾಮ್ ತಂಡದ ‘ವೂಲಿ ಬುಲಿ’. ಒಂದು ವಾರವೂ ಅದು ಮೊದಲ ಸ್ಥಾನಕ್ಕೆ ಏರಿರಲಿಲ್ಲ, ಎರಡರಲ್ಲೇ ನಿಂತಿತ್ತು. ಪ್ರತಿ ವಾರದ ಸ್ಥಾನಕ್ಕೆ ಇಷ್ಟು ಅಂಕ ಎಂದು ಕೂಡಿಸುವ ಪದ್ಧತಿ ಆಗಿನದು. ಭರ್ರನೆ ಏರಿ ಇಳಿದ ಹಾಡಿಗಿಂತ, 18 ವಾರ ಪಟ್ಟಿ ಬಿಟ್ಟು ಕದಲದ ಹಾಡಿಗೆ ಒಟ್ಟು ಅಂಕ ಹೆಚ್ಚು ಬಿತ್ತು.

ಇದು ಅಪರೂಪದ ಅಪಘಾತವೇನಲ್ಲ. 2000ದಲ್ಲಿ ಫೇಯ್ತ್ ಹಿಲ್ ಅವರ ‘ಬ್ರೀದ್’, 2001ರಲ್ಲಿ ಲೈಫ್‌ಹೌಸ್ ತಂಡದ ‘ಹ್ಯಾಂಗಿಂಗ್ ಬೈ ಎ ಮೊಮೆಂಟ್’, 2021ರಲ್ಲಿ ದುವಾ ಲಿಪಾ ಅವರ ‘ಲೆವಿಟೇಟಿಂಗ್’ ಕೂಡ ವಾರದ ಪಟ್ಟಿಯಲ್ಲಿ ಎರಡನ್ನು ದಾಟದೆಯೇ ವರ್ಷದ ಮೊದಲ ಹಾಡಾದವು. ವರ್ಷದ ಹಾಡು ಯಾವುದೆಂಬುದನ್ನು ಕೇಳುಗರು ಎಷ್ಟು ನಿರ್ಧರಿಸುತ್ತಾರೋ, ಎಣಿಸುವವರೂ ಅಷ್ಟೇ ನಿರ್ಧರಿಸುತ್ತಾರೆ. ಎಂಟು ದಶಕಗಳಲ್ಲಿ ಈ ಎಣಿಕೆ ಹೇಗೆ ಬದಲಾಯಿತು ಎಂದು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ.

ಅಂಗಡಿಯಿಂದ ಬಂದ ಲೆಕ್ಕ

1894ರಲ್ಲಿ ಸಿನ್ಸಿನಾಟಿಯಲ್ಲಿ ಹುಟ್ಟಿದಾಗ ‘ಬಿಲ್‌ಬೋರ್ಡ್’ ಗೋಡೆ ಜಾಹೀರಾತಿನ ವ್ಯಾಪಾರದವರ ಪತ್ರಿಕೆ. ಅಂಗಡಿಗಳಲ್ಲಿ ಹೆಚ್ಚು ಮಾರಾಟವಾದ ರೆಕಾರ್ಡುಗಳ ಪಟ್ಟಿಯನ್ನು ಅದು ಶುರುಮಾಡಿದ್ದು 1940ರ ಜುಲೈನಲ್ಲಿ. ಮೊದಲ ಪಟ್ಟಿಯ ಮೊದಲ ಹಾಡು ಟಾಮಿ ಡಾರ್ಸಿ ವಾದ್ಯವೃಂದದ್ದು. ಹಾಡಿದವರು ಇನ್ನೂ ಇಪ್ಪತ್ತನಾಲ್ಕರ ತರುಣ ಫ್ರಾಂಕ್ ಸಿನಾತ್ರಾ. ಬ್ರಿಟನ್ನಿನಲ್ಲಿ ಈ ಕೆಲಸ ನಡೆದದ್ದು ಇನ್ನೂ ಸರಳವಾಗಿ. 1952ರ ನವೆಂಬರಿನಲ್ಲಿ ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಪತ್ರಿಕೆಯ ಪರ್ಸಿ ಡಿಕಿನ್ಸ್ ಸುಮಾರು ಇಪ್ಪತ್ತು ಅಂಗಡಿಗಳಿಗೆ ಫೋನ್ ಮಾಡಿ, ಯಾವುದು ಹೆಚ್ಚು ಹೋಗುತ್ತಿದೆ ಎಂದು ಕೇಳಿ ಬರೆದುಕೊಂಡರು. ಆ ದೇಶದ ಮೊದಲ ಹಾಡಿನ ಪಟ್ಟಿ ಅದೇ.

ಮಾರಾಟವೊಂದೇ ಜನಪ್ರಿಯತೆಯಲ್ಲ ಎಂಬುದು ಆಗಲೇ ಗೊತ್ತಿತ್ತು. ಹಾಗಾಗಿ ಐವತ್ತರ ದಶಕದಲ್ಲಿ ‘ಬಿಲ್‌ಬೋರ್ಡ್’ ಅಂಗಡಿಯ ಮಾರಾಟಕ್ಕೊಂದು, ರೇಡಿಯೊ ಪ್ರಸಾರಕ್ಕೊಂದು, ಹೋಟೆಲುಗಳಲ್ಲಿ ಕಾಸು ಹಾಕಿ ಹಾಡು ಕೇಳುವ ಜ್ಯೂಕ್‌ಬಾಕ್ಸ್‌ಗೊಂದು ಎಂದು ಮೂರು ಪಟ್ಟಿ ಇಟ್ಟುಕೊಂಡಿತ್ತು. ಮಾರಾಟವನ್ನೂ ಪ್ರಸಾರವನ್ನೂ ಕೂಡಿಸಿದ ‘ಹಾಟ್ 100’ ಬಂದದ್ದು 1958ರ ಆಗಸ್ಟ್ 4ರಂದು. ಆ ವರ್ಷದ ಕೊನೆಗೆ ಮೊದಲ ಹಾಡಾದದ್ದು ಡೊಮೆನಿಕೊ ಮೊಡುನ್ಯೊ ಅವರ ‘ವೊಲಾರೆ’. ಇಂಗ್ಲಿಷ್ ನಾಡಿನ ಪಟ್ಟಿಯಲ್ಲಿ ಇಟಾಲಿಯನ್ ಹಾಡು! 1960 ಮತ್ತು 1962ರ ಮೊದಲ ಸ್ಥಾನಗಳು ಮಾತೇ ಇಲ್ಲದ ವಾದ್ಯಸಂಗೀತಕ್ಕೆ ಸಂದವು. 1969ರ ಮೊದಲ ಹಾಡನ್ನು ಹಾಡಿದ್ದು ‘ಆರ್ಚೀಸ್’ ಎಂಬ ಕಾರ್ಟೂನ್ ತಂಡ. ಬೀಟಲ್ಸ್ ಯುಗ ಎಂದು ನಾವು ಕರೆಯುವ ದಶಕದಲ್ಲಿ ಬೀಟಲ್ಸ್‌ಗೆ ವರ್ಷದ ಮೊದಲ ಸ್ಥಾನ ದಕ್ಕಿದ್ದು 1964 ಮತ್ತು 1968ರಲ್ಲಿ, ಎರಡೇ ಸಲ.

ಎಣಿಕೆ ಇದ್ದಲ್ಲಿ ಲಂಚವೂ ಬಂತು. ಹಾಡು ಹಾಕಲು ರೇಡಿಯೊ ನಿರೂಪಕರು ಕಂಪನಿಗಳಿಂದ ಹಣ ಪಡೆಯುತ್ತಿದ್ದ ಸಂಗತಿ 1959–60ರಲ್ಲಿ ಅಮೆರಿಕದ ಸಂಸತ್ತಿನ ವಿಚಾರಣೆಯವರೆಗೆ ಹೋಯಿತು. ‘ರಾಕ್ ಆಂಡ್ ರೋಲ್’ ಅನ್ನು ಮನೆಮಾತಾಗಿಸಿದ ಅಲನ್ ಫ್ರೀಡ್ ಅವರ ವೃತ್ತಿಜೀವನವೇ ಆ ಹಗರಣದಲ್ಲಿ ಮುರಿದುಬಿತ್ತು.

ಬುಧವಾರ ರಾತ್ರಿಯ ಗೀತಮಾಲಾ

ನಮ್ಮಲ್ಲಿ ಪಟ್ಟಿ ಹುಟ್ಟಿದ್ದು ಒಂದು ನಿರ್ಬಂಧದಿಂದ. ವಾರ್ತಾ ಮತ್ತು ಪ್ರಸಾರ ಸಚಿವ ಬಿ.ವಿ. ಕೇಸ್ಕರ್ ಅವರಿಗೆ ಚಿತ್ರಗೀತೆ ಎಂದರೆ ಅಭಿರುಚಿ ಕೆಡಿಸುವ ಸರಕು. 1952ರ ಹೊತ್ತಿಗೆ ಆಕಾಶವಾಣಿಯಲ್ಲಿ ಚಿತ್ರಗೀತೆಗಳು ವಿರಳವಾದವು; ಕೇಳುಗರು ರೇಡಿಯೊದ ಮುಳ್ಳನ್ನು ಸಿಲೋನಿನತ್ತ ತಿರುಗಿಸಿದರು. ಆ ವರ್ಷದ ಡಿಸೆಂಬರ್ 3ರ ಬುಧವಾರ ರೇಡಿಯೊ ಸಿಲೋನಿನಲ್ಲಿ ‘ಬಿನಾಕಾ ಗೀತಮಾಲಾ’ ಶುರುವಾಯಿತು. ನಿರೂಪಕ ಅಮೀನ್ ಸಯಾನಿ, ಇಪ್ಪತ್ತು ತುಂಬುವ ಹೊತ್ತಿನ ಹುಡುಗ. ಮೊದಲಿಗೆ ಅದೊಂದು ಸ್ಪರ್ಧೆ: ಏಳು ಹಾಡುಗಳನ್ನು ಕೇಳಿ ಸರಿಯಾದ ಕ್ರಮದಲ್ಲಿ ಜೋಡಿಸಿ ಬರೆದವರಿಗೆ 100 ರೂಪಾಯಿ ಬಹುಮಾನ. ಮೊದಲ ಕಂತಿಗೇ 9,000 ಪತ್ರ ಬಂದವು. ಆಮೇಲೆ ಪತ್ರಗಳನ್ನು ಬಿಡಿಸಿ ಓದುವುದೇ ಅಸಾಧ್ಯವಾಗಿ, ಸ್ಪರ್ಧೆ ಬಿಟ್ಟು ಜನಪ್ರಿಯತೆಯ ಕ್ರಮದಲ್ಲಿ ಹಾಡು ಹಾಕುವ ಪದ್ಧತಿ ಬಂತು. ಸ್ಥಾನಗಳನ್ನು ಸಯಾನಿ ಮೆಟ್ಟಿಲು ಎಂದು ಕರೆದರು. ಬಹಳ ಕಾಲ ಪಟ್ಟಿಯಲ್ಲಿ ಉಳಿದ ಹಾಡಿಗೆ ಕಹಳೆ ಊದಿಸಿ ‘ಸರ್ತಾಜ್ ಗೀತ್’ ಎಂಬ ಬಿರುದು ಕೊಟ್ಟು ಬೀಳ್ಕೊಟ್ಟರು.

ಲೆಕ್ಕ ಎರಡು ಕಡೆಯಿಂದ ಬರುತ್ತಿತ್ತು: ರೆಕಾರ್ಡ್ ಅಂಗಡಿಗಳ ಮಾರಾಟ ಮತ್ತು ಊರೂರಿನ ಶ್ರೋತೃ ಸಂಘಗಳ ಮತ. ಅಂಗಡಿಯ ಲೆಕ್ಕವನ್ನಷ್ಟೇ ನೆಚ್ಚುವಂತಿರಲಿಲ್ಲ. ಬಹಳ ಬೇಡಿಕೆಯ ರೆಕಾರ್ಡು ಖಾಲಿಯಾಗಿ ಹೊಸ ಸರಕು ಬರುವವರೆಗೆ ಆ ಹಾಡಿನ ಮಾರಾಟ ಸೊನ್ನೆ. ಸಂಘಗಳ ಮತ ಆ ಕೊರತೆಯನ್ನು ತುಂಬಬೇಕಿತ್ತು.

ಗೀತಮಾಲಾದ ವಾರ್ಷಿಕ ಪಟ್ಟಿಗಳನ್ನು ಸಾಲಾಗಿ ಇಟ್ಟು ನೋಡಿದರೆ ನಾಲ್ಕು ದಶಕದ ರುಚಿ ಕಾಣುತ್ತದೆ. 1953ರಲ್ಲಿ ‘ಅನಾರ್ಕಲಿ’ಗಾಗಿ ಲತಾ ಹಾಡಿದ್ದು, 1954ರಲ್ಲಿ ‘ಟ್ಯಾಕ್ಸಿ ಡ್ರೈವರ್’ಗಾಗಿ ತಲತ್ ಮೆಹಮೂದ್ ಹಾಡಿದ್ದು, 1955ರಲ್ಲಿ ‘ಶ್ರೀ 420’ರ ಮುಕೇಶ್ ಹಾಡು; ಮೂರೂ ಇಂದಿಗೂ ಬಾಳುತ್ತಿವೆ. ‘ಪ್ಯಾಸಾ’, ‘ಮದರ್ ಇಂಡಿಯಾ’, ‘ನಯಾ ದೌರ್’ ಬಂದ 1957ರಲ್ಲಿ ಮೊದಲ ಸ್ಥಾನ ಪಡೆದದ್ದು ಮಾತ್ರ ಎಸ್.ಎನ್. ತ್ರಿಪಾಠಿ ಸಂಗೀತದ ‘ಜನಮ್ ಜನಮ್ ಕೆ ಫೇರೆ’ ಚಿತ್ರದ ಗೀತೆ. 1960ರಲ್ಲಿ ‘ಮೊಘಲ್-ಎ-ಆಜಮ್’ ಹಾಡುಗಳನ್ನು ಹಿಂದಿಕ್ಕಿದ್ದು ರೋಶನ್ ಅವರ ‘ಬರ್ಸಾತ್ ಕೀ ರಾತ್’. ‘ಗೈಡ್’ ಆಗಲಿ ‘ಪಾಕೀಜಾ’ ಆಗಲಿ ವರ್ಷದ ಮೊದಲ ಸ್ಥಾನ ಕಾಣಲೇ ಇಲ್ಲ. ‘ಪಾಕೀಜಾ’ ತೆರೆಕಂಡ 1972 ‘ದಮ್ ಮಾರೋ ದಮ್’ ವರ್ಷವಾಯಿತು. 1975ರ ಮೊದಲ ಹಾಡು ‘ರೋಟಿ ಕಪ್ಡಾ ಔರ್ ಮಕಾನ್’ ಚಿತ್ರದ, ಬೆಲೆಯೇರಿಕೆಯನ್ನು ಗೋಳಾಡುವ ಹಾಡು. ತುರ್ತುಪರಿಸ್ಥಿತಿ ಬಂದ ವರ್ಷದಲ್ಲಿ ಜನ ಏನನ್ನು ಗುನುಗುತ್ತಿದ್ದರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. 1987ರಲ್ಲಿ ದೂರದೇಶಕ್ಕೆ ಹೋದ ಮಗನನ್ನು ಕರೆಯುವ ಪಂಕಜ್ ಉಧಾಸ್ ಹಾಡು, 1993ರಲ್ಲಿ ಅಶ್ಲೀಲವೆಂಬ ಗದ್ದಲ ಎಬ್ಬಿಸಿದ ‘ಖಳನಾಯಕ್’ ಹಾಡು. ದೀರ್ಘಕಾಲ ನಿಲ್ಲುವ ಹಾಡನ್ನು ಗುರುತಿಸುವುದು ಪಟ್ಟಿಯ ಕೆಲಸವಲ್ಲ. ಆ ವರ್ಷದ ಮನಸ್ಸನ್ನು ಹಿಡಿದಿಡುವುದು ಅದರ ಕೆಲಸ. ಅದನ್ನು ಗೀತಮಾಲಾ ಚೆನ್ನಾಗಿಯೇ ಮಾಡಿತು. 1989ರಲ್ಲಿ ವಿವಿಧ ಭಾರತಿಗೆ ಬಂದ ಕಾರ್ಯಕ್ರಮ ತೊಂಬತ್ತರ ದಶಕದ ಮಧ್ಯದ ಹೊತ್ತಿಗೆ ನಿಂತಿತು. ಸಯಾನಿ 2024ರ ಫೆಬ್ರುವರಿಯಲ್ಲಿ ತೀರಿಕೊಂಡರು.

ಬಾರ್‌ಕೋಡ್ ಬಯಲು ಮಾಡಿದ್ದು

1991ರವರೆಗೆ ಅಮೆರಿಕದಲ್ಲೂ ಅಂಗಡಿಯವರು ಬಾಯಲ್ಲಿ ಹೇಳಿದ ಕ್ರಮವೇ ಲೆಕ್ಕ. ಎಷ್ಟು ಮಾರಿತು ಎಂಬ ಅಂಕಿ ಅಲ್ಲಿರಲಿಲ್ಲ. ಆ ವರ್ಷ ಸೌಂಡ್‌ಸ್ಕ್ಯಾನ್ ಎಂಬ ವ್ಯವಸ್ಥೆ ಅಂಗಡಿಯ ಬಾರ್‌ಕೋಡ್ ಯಂತ್ರದಿಂದಲೇ ಮಾರಾಟದ ಅಂಕಿ ತರಿಸತೊಡಗಿತು. ಮೇ ತಿಂಗಳಲ್ಲಿ ಆಲ್ಬಮ್ ಪಟ್ಟಿ, ನವೆಂಬರಿನಲ್ಲಿ ‘ಹಾಟ್ 100’ ಹೊಸ ಲೆಕ್ಕಕ್ಕೆ ಬದಲಾದವು. ರ‍್ಯಾಪ್ ಮತ್ತು ಕಂಟ್ರಿ ಸಂಗೀತ ಒಂದೇ ಸಲ ಮೇಲೆದ್ದವು. ಎನ್.ಡಬ್ಲ್ಯು.ಎ. ಎಂಬ ರ‍್ಯಾಪ್ ತಂಡದ ಆಲ್ಬಮ್ ಜೂನ್‌ನಲ್ಲಿ ಮೊದಲ ಸ್ಥಾನಕ್ಕೆ ಬಂತು. ಕೇಳುಗರು ರಾತ್ರೋರಾತ್ರಿ ಬದಲಾಗಿರಲಿಲ್ಲ. ಅಂಗಡಿಯವರ ಬಾಯಿಗೆ ಬಾರದಿದ್ದ ಮಾರಾಟ ಯಂತ್ರದ ಲೆಕ್ಕಕ್ಕೆ ಬಿದ್ದಿತ್ತು, ಅಷ್ಟೇ.

ಆದರೂ ನಿಯಮದ ಬೇಲಿ ಉಳಿದಿತ್ತು. ಬಿಡಿಯಾಗಿ ಮಾರಾಟಕ್ಕೆ ಬಾರದ ಹಾಡು ‘ಹಾಟ್ 100’ಕ್ಕೆ ಅರ್ಹವಲ್ಲ ಎಂಬ ನಿಯಮ 1998ರ ಡಿಸೆಂಬರ್‌ವರೆಗೆ ಇತ್ತು. ನೋ ಡೌಟ್ ತಂಡದ ‘ಡೋಂಟ್ ಸ್ಪೀಕ್’ ರೇಡಿಯೊ ಪಟ್ಟಿಯಲ್ಲಿ 16 ವಾರ ಮೊದಲಿದ್ದೂ ಮುಖ್ಯ ಪಟ್ಟಿಗೆ ಕಾಲಿಡಲಿಲ್ಲ. 1994ರಲ್ಲಿ ಇದೇ ಕಾರಣಕ್ಕೆ ಹೊರಗುಳಿದ ಮರಾಯಾ ಕ್ಯಾರಿಯ ಕ್ರಿಸ್‌ಮಸ್ ಹಾಡು ಸ್ಟ್ರೀಮಿಂಗ್ ಕಾಲದಲ್ಲಿ, 2019ರಲ್ಲಿ, ಮೊದಲ ಸ್ಥಾನಕ್ಕೇರಿತು.

ವ್ಯೂಸ್ ಎಂಬ ಹೊಸ ಅಂಕಿ

2012ರಲ್ಲಿ ಕೊರಿಯಾದ ಸೈ ಹಾಡಿದ ‘ಗಂಗ್ನಮ್ ಸ್ಟೈಲ್’ ಯೂಟ್ಯೂಬಿನಲ್ಲಿ 100 ಕೋಟಿ ವೀಕ್ಷಣೆ ದಾಟಿದ ಮೊದಲ ವಿಡಿಯೊ ಆಯಿತು. ‘ಹಾಟ್ 100’ರಲ್ಲಿ ಮಾತ್ರ ಅದು ಏಳು ವಾರ ಎರಡನೇ ಸ್ಥಾನದಲ್ಲೇ ನಿಂತಿತ್ತು, ಏಕೆಂದರೆ ಯೂಟ್ಯೂಬ್ ಆಗ ಲೆಕ್ಕದಲ್ಲಿ ಇರಲಿಲ್ಲ. 2013ರ ಫೆಬ್ರುವರಿಯಲ್ಲಿ ಸೇರಿಸಿಕೊಂಡರು. ಆ ವಾರವೇ ‘ಹಾರ್ಲೆಮ್ ಶೇಕ್’ ನೇರವಾಗಿ ಮೊದಲ ಸ್ಥಾನಕ್ಕೆ ಬಂದು ಕೂತಿತು.

ಹೊಸ ಅಂಕಿಗೆ ಹೊಸ ಕಳ್ಳದಾರಿಯೂ ಸಿಕ್ಕಿತು. ಜಾಹೀರಾತಿಗೆ ಹಣ ಕೊಟ್ಟು ವ್ಯೂಸ್ ಏರಿಸುವುದು ಭಾರತದ ಕಂಪನಿಗಳಲ್ಲೂ ರೂಢಿಯಾಯಿತು. 2019ರಲ್ಲಿ ಹಿಂದಿಯ ಒಂದು ರ‍್ಯಾಪ್ ಹಾಡು 24 ಗಂಟೆಯಲ್ಲಿ ವಿಶ್ವದಾಖಲೆ ಮಾಡಿತೆಂದು ಸಾರಿಕೊಂಡರೂ ಯೂಟ್ಯೂಬ್ ಒಪ್ಪಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಜಾಹೀರಾತಿನಿಂದ ಬಂದ ವೀಕ್ಷಣೆಯನ್ನು ತನ್ನ ಸಂಗೀತ ಪಟ್ಟಿಗಳಲ್ಲಿ ಎಣಿಸುವುದಿಲ್ಲ ಎಂದು ಅದು ಪ್ರಕಟಿಸಿತು. 2022ರಿಂದ ‘ಬಿಲ್‌ಬೋರ್ಡ್’ ಭಾರತಕ್ಕೂ ಹಾಡಿನ ಪಟ್ಟಿ ಕೊಡತೊಡಗಿದೆ.

ಕನ್ನಡಕ್ಕೊಂದು ಲೆಕ್ಕ

ಇಷ್ಟೆಲ್ಲ ನಡೆದ ಮೇಲೂ ಕನ್ನಡ ಹಾಡುಗಳಿಗೆ ಎಲ್ಲರೂ ಒಪ್ಪುವ ವಾರ್ಷಿಕ ಪಟ್ಟಿ ಬರಲಿಲ್ಲ. ಆಕಾಶವಾಣಿಯ ಕೋರಿಕೆ ಕಾರ್ಯಕ್ರಮ, ದೂರದರ್ಶನದ ‘ಚಿತ್ರಮಂಜರಿ’ ಜನಪ್ರಿಯವಾಗಿದ್ದವು. ಆದರೆ ಅವು ಎಣಿಸುವ ಕೆಲಸಕ್ಕೆ ಇಳಿಯಲಿಲ್ಲ. 1987ರಲ್ಲಿ ಹಂಸಲೇಖ ಅವರ ‘ಪ್ರೇಮಲೋಕ’ದ ಕ್ಯಾಸೆಟ್‌ಗಳು ಬಿಸಿದೋಸೆಯಂತೆ ಖರ್ಚಾದವು, ಅದರ ಲೆಕ್ಕ ಕಂಪನಿಯ ಬಾಯಿಮಾತಿನಲ್ಲೇ ಉಳಿಯಿತು. ಜಾತ್ರೆಯಲ್ಲಿ ಮಾರಾಟವಾಗುತ್ತಿದ್ದ ಜನಪದ ಕ್ಯಾಸೆಟ್, ಮೈಸೂರು ಅನಂತಸ್ವಾಮಿ ಮತ್ತು ಸಿ. ಅಶ್ವತ್ಥ್ ಅವರ ಭಾವಗೀತೆಗಳು ಮನೆಮನೆ ಸೇರಿದರೂ ಯಾವ ಪಟ್ಟಿಗೂ ಸೇರಲಿಲ್ಲ. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ವಾಹಿನಿ ಬೆಂಗಳೂರಿನಲ್ಲೇ ಶುರುವಾಯಿತು. ಆ ಬಳಿಕ ಬಂದ ಕೌಂಟ್‌ಡೌನ್‌ಗಳೂ ಆಯಾ ವಾಹಿನಿಯ ಆಯ್ಕೆಗಳೇ.

ಪಟ್ಟಿ ಮಾಡಲು ಹೊರಟರೆ ಮೊದಲು ಎದುರಾಗುವ ತೊಡಕು ವರ್ಷ ಎಲ್ಲಿ ಮುಗಿಯುತ್ತದೆ ಎಂಬುದು. ‘ಮುಂಗಾರು ಮಳೆ’ ತೆರೆಕಂಡದ್ದು 2006ರ ಡಿಸೆಂಬರ್ 29ರಂದು, ‘ಕಿರಿಕ್ ಪಾರ್ಟಿ’ 2016ರ ಡಿಸೆಂಬರ್ 30ರಂದು. ಮನೋಮೂರ್ತಿ, ಜಯಂತ ಕಾಯ್ಕಿಣಿ, ಸೋನು ನಿಗಮ್ ಸೇರಿದ ‘ಮುಂಗಾರು ಮಳೆ’ಯ ಹಾಡುಗಳು ಊರೂರಲ್ಲಿ ಮೊಳಗಿದ್ದು 2007ರ ಉದ್ದಕ್ಕೂ. ಬಿಡುಗಡೆಯ ವರ್ಷ ಹಿಡಿದರೆ ಎರಡು ದಶಕದ ಎರಡು ದೊಡ್ಡ ಯಶಸ್ಸುಗಳು ತಮ್ಮದಲ್ಲದ ವರ್ಷಕ್ಕೆ ಸೇರುತ್ತವೆ. ಗೀತಮಾಲಾ ಇದನ್ನು ಅರಿತಿತ್ತು: 1978ರ ‘ಡಾನ್’ ಹಾಡು 1979ರಲ್ಲಿ, 1986ರ ‘ನಾಮ್’ ಹಾಡು 1987ರಲ್ಲಿ ಮೊದಲ ಸ್ಥಾನ ಪಡೆದವು. ಜನ ಕೇಳಿದ ವರ್ಷವೇ ಹಾಡಿನ ವರ್ಷ ಎಂಬುದು ಅಲ್ಲಿನ ನಿಯಮ. ಕನ್ನಡಕ್ಕೂ ಅದೇ ಸರಿ.

ಈಗ ಅಂಕಿಗಳಿಗೆ ಕೊರತೆಯಿಲ್ಲ. ಸ್ಟ್ರೀಮಿಂಗ್ ಆ್ಯಪ್‌ಗಳ ಬಳಿ, ಯೂಟ್ಯೂಬಿನ ಬಳಿ, ಎಫ್‌ಎಂ ವಾಹಿನಿಗಳ ಪ್ರಸಾರದ ದಾಖಲೆಯಲ್ಲಿ ಎಲ್ಲವೂ ಇದೆ. ಆಡಿಯೊ ಕಂಪನಿಗಳೂ ವಾಹಿನಿಗಳೂ ಒಟ್ಟು ಕುಳಿತು, ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಮೊದಲೇ ಬಹಿರಂಗವಾಗಿ ಹೇಳಿ, ಚಿತ್ರಗೀತೆಯ ಜೊತೆಗೆ ಉತ್ತರ ಕರ್ನಾಟಕದ ಜನಪದ ಹಾಡುಗಳನ್ನೂ ಸ್ವತಂತ್ರ ಗಾಯಕರನ್ನೂ ಒಳಗೊಂಡ ಒಂದು ವಾರ್ಷಿಕ ಪಟ್ಟಿ ಹೊರತರಬೇಕು. ಅದು ಬರುವವರೆಗೆ, ಡಿಸೆಂಬರಿನಲ್ಲಿ ಕಣ್ಣಿಗೆ ಬೀಳುವ ‘ವರ್ಷದ ಟಾಪ್ ಹಾಡು’ ಪಟ್ಟಿಗಳನ್ನು ಖುಷಿಯಿಂದ ಕೇಳಿ. ಎಣಿಸಿದವರು ಯಾರು, ಹೇಗೆ ಎಣಿಸಿದರು ಎಂದು ತಿಳಿಸದ ಪಟ್ಟಿಯನ್ನು ಮಾತ್ರ ನಂಬಬೇಡಿ.