ಜಹಗೀರಿನಿಂದ ಪಿಂಚಣಿಗೆ: ಸೈನಿಕನ ವರ್ಷಗಳ ಲೆಕ್ಕ

ದಾವಣಗೆರೆ ಒಂದು ಕಾಲಕ್ಕೆ ಬೇತೂರಿನ ಮಗ್ಗುಲಿನ ಸಣ್ಣ ಹಳ್ಳಿ. ಹೈದರಾಲಿ ಅದನ್ನು ಅಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ. ಸರದಾರ ವರ್ತಕರನ್ನು ಕರೆಸಿ ನೆಲೆಗೊಳಿಸಿದ, ಹಳ್ಳಿ ಪೇಟೆಯಾಯಿತು. ಅವನು ವಾರಸುದಾರರಿಲ್ಲದೆ ತೀರಿಕೊಂಡರೂ ಪೇಟೆ ಬೆಳೆಯುತ್ತಲೇ ಹೋಯಿತು.

ಸೇವೆಗೆ ಭೂಮಿಯ ರೂಪದಲ್ಲಿ ಬೆಲೆ ಕಟ್ಟುವುದು ಕನ್ನಡ ನಾಡಿಗೆ ಹೊಸತೇನೂ ಆಗಿರಲಿಲ್ಲ. ಕಾದಾಡಿ ಮಡಿದವನ ಮನೆಯವರಿಗೆ ಬಿಡುತ್ತಿದ್ದ ಭೂಮಿಗೆ 'ನೆತ್ತರುಗೊಡಗೆ' ಎಂಬ ಹೆಸರೇ ಇತ್ತು. ಆದರೆ ಇಲ್ಲಿ ವರ್ಷಗಳ ಎಣಿಕೆ ಇಲ್ಲ. ಕೊಡುವುದು ಬಿಡುವುದು ದೊರೆಯ ಮರ್ಜಿ.

ಹರಿಹರದ ಬಳಿಯ ದಂಡಿನಲ್ಲಿ 1865ರವರೆಗೆ ದೇಶೀ ಸಿಪಾಯಿಗಳ ಪಡೆಯೊಂದು ಬೀಡುಬಿಟ್ಟಿತ್ತು. ಬ್ರಿಟಿಷರ ಸೈನ್ಯದಲ್ಲಿ ನಗದು ಪಿಂಚಣಿ ರೂಢಿಯಾದಂತೆ ಸೇವೆಯ ಅವಧಿ ಲೆಕ್ಕಕ್ಕೆ ಬಂತು. ಆದರೂ ಪಿಂಚಣಿ ಸರ್ಕಾರದ ಕೃಪೆಯೆಂಬ ಭಾವನೆ ಬಹುಕಾಲ ಉಳಿಯಿತು. 1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು: ಪಿಂಚಣಿ ದಾನವಲ್ಲ, ಸಲ್ಲಿಸಿದ ಸೇವೆಯ ಹಕ್ಕು.

ಹಾಗಾದರೆ ಸೇನೆ ಬಿಟ್ಟು ಅಂಚೆ ಇಲಾಖೆಯಂಥ ಕೇಂದ್ರ ಕಚೇರಿ ಸೇರಿದವನ ಹಳೆಯ ವರ್ಷಗಳು ಏನಾಗುತ್ತವೆ? 1972ರ ಕೇಂದ್ರ ಪಿಂಚಣಿ ನಿಯಮಗಳು ಎರಡು ದಾರಿ ತೋರಿಸಿದವು. ಸೇನೆಯ ಪಿಂಚಣಿ ಅಥವಾ ಗ್ರಾಚ್ಯುಟಿಯನ್ನು ಉಳಿಸಿಕೊಳ್ಳಬಹುದು. ಆಗ ಆ ವರ್ಷಗಳು ಹೊಸ ಸೇವೆಗೆ ಸೇರವು. ಇಲ್ಲವೇ ಅದನ್ನು ಬಿಟ್ಟುಕೊಟ್ಟು ವರ್ಷಗಳನ್ನು ಸೇರಿಸಿಕೊಳ್ಳಬಹುದು. ಒಂದೇ ದುಡಿಮೆಗೆ ಎರಡು ಕೂಲಿ ಇಲ್ಲವೆಂಬುದು ಇದರ ತಿರುಳು.

ಏಳು ವರ್ಷ ಸೇನೆಯಲ್ಲಿದ್ದು, ಪಿಂಚಣಿಗೆ ಬೇಕಾದ 15 ವರ್ಷ ತುಂಬದೆ ಗ್ರಾಚ್ಯುಟಿಯೊಂದಿಗೆ ಹೊರಬಂದವನು ಅಂಚೆಯಲ್ಲಿ 23 ವರ್ಷ ದುಡಿದನೆನ್ನೋಣ. ಗ್ರಾಚ್ಯುಟಿ ಹಿಂತಿರುಗಿಸಿದ್ದರೆ ಸೇವೆ 30 ವರ್ಷ. ಪೂರ್ಣ ಪಿಂಚಣಿಗೆ 33 ವರ್ಷ ಬೇಕಿದ್ದ ಕಾಲದಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ಆದರೆ ನಿಗದಿತ ಅವಧಿಯೊಳಗೆ ಬರೆದು ಕೊಡಬೇಕಿತ್ತು. ಸುಮ್ಮನಿದ್ದರೆ ಮೊದಲ ದಾರಿಯನ್ನೇ ಒಪ್ಪಿದಂತೆ.

ಕೇಂದ್ರದಲ್ಲಿ 2004ರ ಜನವರಿ 1ರಿಂದ, ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಹೊಸ ಪಿಂಚಣಿ ಯೋಜನೆ ಬಂತು. ಅದರಲ್ಲಿ ಮುಖ್ಯವಾದುದು ಖಾತೆಯಲ್ಲಿ ಕೂಡಿಟ್ಟ ಹಣ. ವರ್ಷಕ್ಕೆ ವರ್ಷ ಸೇರಿಸುವ ಹಳೆಯ ಲೆಕ್ಕವಲ್ಲ. ಸೇನೆಯನ್ನು ಈ ಯೋಜನೆಯಿಂದ ಹೊರಗಿಡಲಾಯಿತು. ಆದರೆ 2022ರ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷಕ್ಕೇ ಮರಳುವ ಯುವಕರಿಗೆ ಇಡಿಗಂಟು ಉಂಟು. ಪಿಂಚಣಿಯೂ ಇಲ್ಲ, ಗ್ರಾಚ್ಯುಟಿಯೂ ಇಲ್ಲ. ನೆತ್ತರುಗೊಡಗೆಯ ನಾಡಿನಲ್ಲಿ ಸೈನಿಕನ ವರ್ಷಗಳಿಗೆ ಬೆಲೆ ಕಟ್ಟುವ ಪ್ರಶ್ನೆ ಹೀಗೆ ಮತ್ತೆ ಎದ್ದು ನಿಂತಿದೆ.